ಹಬ್ಬವನ್ನು ಕೊಳ್ಳುವುದೋ, ಮಾಡುವುದೋ?

‘ಹಬ್ಬ ಮಾಡುವುದು’ ಎಂಬುದು ನಮ್ಮ ಆಡುಮಾತು. ದೀಪಾವಳಿ ಕಳೆದ ಮರುದಿನ ದಾರಿಯಲ್ಲಿ ಸಿಕ್ಕಿದವರನ್ನು “ಹಬ್ಬ ಜೋರಾಗಿ ಮಾಡಿದಿರಾ?” ಎಂದು ವಿಚಾರಿಸುತ್ತೇವೆ. “ಹಬ್ಬ ಕೊಂಡಿರಾ?” ಎಂದು ಕೇಳುವ ರೂಢಿ ಕನ್ನಡಕ್ಕೆ ಇನ್ನೂ ಬಂದಿಲ್ಲ. ಆದರೆ ಹೆಚ್ಚುಕಡಮೆ ನಡೆಯುತ್ತಿರುವುದು ಅದೇ. ನಮ್ಮ ಮಾತು ಹಿಂದೆಯೇ ಉಳಿದಿದೆ. ನಮ್ಮ ನಡತೆ ಪೇಟೆಯ ದಾರಿ ಹಿಡಿದು ಬಹುದೂರ ಹೋಗಿದೆ. ಈ ಅಂತರದ ಬಗೆಗೆ ನನ್ನ ಸಹಪಾಠಿಗಳ ಮತ್ತು ಗುರುಹಿರಿಯರ ಮುಂದೆ ನಾಲ್ಕು ಮಾತು ಹೇಳಬೇಕೆಂಬುದೇ ಈ ಲೇಖನದ ಉದ್ದೇಶ.

ಯಾವ ಹಬ್ಬವನ್ನು ಹಿಡಿದಾದರೂ ಈ ಮಾತನ್ನು ಬೆಳೆಸಬಹುದು. ನಾನು ಕ್ರಿಸ್‌ಮಸ್ ಹಬ್ಬವನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ನಮ್ಮ ಕರಾವಳಿಯಲ್ಲಿ ಈ ಹಬ್ಬದಷ್ಟು ಕೈಕೆಲಸವನ್ನು ಬೇಡುತ್ತಿದ್ದ ಹಬ್ಬಗಳು ಕೆಲವೇ. ಎರಡನೆಯದಾಗಿ, ನಾನು ಕ್ರೈಸ್ತಳಲ್ಲ. ಹಬ್ಬದ ತಟ್ಟೆಯನ್ನು ಪಡೆಯುವವರ ಪಂಕ್ತಿಗೆ ಸೇರಿದವಳು. ಕೊಡುವವರ ಕಣ್ಣಿಗೆ ಬೀಳದ ಕೆಲವು ಸಂಗತಿಗಳು ಪಡೆಯುವವರ ಕಣ್ಣಿಗೆ ಬೀಳುತ್ತವೆ.

ಡಿಸೆಂಬರ್ ತಿಂಗಳಲ್ಲಿ ಕ್ರೈಸ್ತರ ಮನೆಗಳ ಮುಂದೆ ತೂಗುವ ನಕ್ಷತ್ರವನ್ನು ನಾವೆಲ್ಲರೂ ನೋಡಿದ್ದೇವೆ. ಅದನ್ನು ಕಟ್ಟುವ ಕ್ರಮವನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಒಂದೇ ಅಳತೆಯ ಹತ್ತು ಬಿದಿರ ಕಡ್ಡಿಗಳು ಬೇಕು. ಐದು ಕಡ್ಡಿಗಳನ್ನು ಒಂದನ್ನೊಂದು ಹಾಯುವಂತೆ ಜೋಡಿಸಿ ತುದಿಗಳನ್ನು ದಾರದಿಂದ ಬಿಗಿದರೆ ಐದು ಮೂಲೆಯ ಒಂದು ನಕ್ಷತ್ರವಾಗುತ್ತದೆ. ಅಂಥ ಎರಡನ್ನು ಮಾಡಿ, ಒಂದರ ಮೇಲೊಂದಿಟ್ಟು, ಐದು ತುದಿಗಳನ್ನೂ ಸೇರಿಸಿ ಕಟ್ಟಬೇಕು. ಅನಂತರ, ಕಡ್ಡಿಗಳು ಒಂದನ್ನೊಂದು ಹಾಯುವ ಐದು ಒಳಮೂಲೆಗಳಲ್ಲಿ ಐದು ಗಿಡ್ಡ ಕಡ್ಡಿಗಳನ್ನು ಎರಡು ನಕ್ಷತ್ರಗಳ ನಡುವೆ ಆನಿಸಿ ನಿಲ್ಲಿಸಿದರೆ, ಚಪ್ಪಟೆಯಾಗಿದ್ದ ಆಕೃತಿ ಉಬ್ಬಿ ನಿಲ್ಲುತ್ತದೆ. ಒಳಗೆ ಬಲ್ಬು ಇಳಿಬಿಡಲು ಜಾಗವಾಗುತ್ತದೆ. ಇನ್ನು ಮೈದಾಹಿಟ್ಟನ್ನು ನೀರಿನಲ್ಲಿ ಕುದಿಸಿ ಮಾಡಿದ ಅಂಟಿನಿಂದ ಬಣ್ಣದ ತೆಳು ಕಾಗದವನ್ನು ಸುಕ್ಕಾಗದಂತೆ ಹಚ್ಚಬೇಕು. ಕಡ್ಡಿಗಳಲ್ಲಿ ಒಂದು ಅರ್ಧ ಅಂಗುಲ ಹೆಚ್ಚಾದರೂ ನಕ್ಷತ್ರ ಒಂದು ಮಗ್ಗುಲಿಗೆ ವಾಲುತ್ತದೆ.

ಇದೇ ಬಿದಿರು, ಇದೇ ಕಾಗದ, ಇದೇ ಅಂಟು ನಮ್ಮ ದೀಪಾವಳಿಯ ಗೂಡುದೀಪಕ್ಕೂ ಬೇಕು ಎಂಬುದನ್ನು ವಾಚಕರು ಗಮನಿಸಬೇಕು. ಹಬ್ಬಗಳು ಬೇರೆಯಾದರೂ ಕಸುಬು ಒಂದೇ. ಆದ್ದರಿಂದ ದೀಪಾವಳಿಗೆ ಗೂಡುದೀಪ ಕಟ್ಟಿದ ಹುಡುಗನ ಕೈ ಕ್ರಿಸ್‌ಮಸ್ಸಿಗೆ ನೆರೆಮನೆಯ ನಕ್ಷತ್ರಕ್ಕೂ ಬೇಕಾಗುತ್ತಿತ್ತು.

ನಕ್ಷತ್ರದ ಬಳಿಕ ಗೋದಲಿ. ದನಗಳಿಗೆ ಹುಲ್ಲು ಹಾಕುವ ತೊಟ್ಟಿಗೆ ಗೋದಲಿ ಎಂದು ಹೆಸರು. ಬಾಲಯೇಸುವನ್ನು ಮಲಗಿಸಿದ್ದು ಅಂಥದರಲ್ಲಿ ಎಂಬುದು ಲೂಕನ ಸುವಾರ್ತೆಯ ಮಾತಾದ್ದರಿಂದ ಆ ಇಡೀ ದೃಶ್ಯಕ್ಕೇ ಈ ಹೆಸರು ನಿಂತಿದೆ. ಗದ್ದೆಯ ಬೈಹುಲ್ಲು, ತೆಂಗಿನ ಗರಿ, ಮುರಕಲ್ಲಿನ ಚೂರು, ಬಾವಿಕಟ್ಟೆಯ ಪಾಚಿ, ಇವೇ ಅದರ ಸಾಮಗ್ರಿ. ಕೆಲವರು ಹಬ್ಬಕ್ಕೆ ಎರಡು ವಾರ ಮೊದಲೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿಯನ್ನೋ ಭತ್ತವನ್ನೋ ಬಿತ್ತುತ್ತಾರೆ. ಹಬ್ಬದ ಹೊತ್ತಿಗೆ ಗೋದಲಿಯ ಸುತ್ತ ಇಡಲು ಹಸುರು ಪೈರು ಸಿದ್ಧವಾಗಿರುತ್ತದೆ. ಕ್ರಿಸ್‌ಮಸ್ ಮರಕ್ಕೆ ಹಿಮದ ನಾಡಿನ ಮರವನ್ನು ಎಲ್ಲಿಂದ ತರುವುದು? ಕಡಲತೀರದ ಗಾಳಿಮರದ ಒಂದು ಕೊಂಬೆ ಆ ಕೆಲಸಕ್ಕೆ ಒದಗುತ್ತಿತ್ತು.

ಇನ್ನು ಕುಸ್ವಾರ್. ಇದು ಒಂದು ತಿಂಡಿಯ ಹೆಸರಲ್ಲ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು ಹಬ್ಬಕ್ಕೆ ಮಾಡುವ ಹಲವು ತಿಂಡಿಗಳ ಒಟ್ಟು ಹೆಸರು. ನಮ್ಮ ಕರ್ಜಿಕಾಯಿಯ ಒಡಹುಟ್ಟಿದಂತಿರುವ ನೆವ್ರಿ, ಅಕ್ಕಿಹಿಟ್ಟು ತೆಂಗಿನಕಾಯಿಗಳ ಗುಳಿಯೊ, ಕಾದ ಕಬ್ಬಿಣದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಬಿಡಿಸುವ ರೋಸ್ ಕುಕ್ಕೀಸ್, ಬಾಳೆಹಣ್ಣಿನ ಹಲ್ವ, ಚಕ್ಕುಲಿ, ಕೇಕು, ಹೀಗೆ ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಕಿಡಿಯೊ ಎಂಬುದು ನನಗೆ ಅತ್ಯಂತ ಪ್ರಿಯವಾದದ್ದು. ಕೊಂಕಣಿಯಲ್ಲಿ ಆ ಮಾತಿಗೆ ಹುಳುಗಳು ಎಂದರ್ಥ. ಹಿಟ್ಟಿನ ಪುಟ್ಟ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ ಸುರುಳಿ ಸುತ್ತಿದರೆ ಗೆರೆಗೆರೆಯಾದ ಹುಳುವಿನ ಆಕಾರ ಬರುತ್ತದೆ. ಅದನ್ನು ಕರಿದು ಸಕ್ಕರೆಯ ಪಾಕದಲ್ಲಿ ಹೊರಳಿಸಿದರೆ ಕಿಡಿಯೊ ಆಯಿತು. ಹೆಸರು ಕೇಳಿ ಹೆದರಿದವನೂ ರುಚಿ ನೋಡಿದ ಮೇಲೆ ಹೆದರುವುದಿಲ್ಲ.

ಇಷ್ಟನ್ನೆಲ್ಲ ಇಲ್ಲಿ ಬರೆದದ್ದು ಬಾಯಲ್ಲಿ ನೀರೂರಿಸುವುದಕ್ಕಲ್ಲ. ಈ ಕೆಲಸಗಳಲ್ಲೆಲ್ಲ ಒಂದು ಸಮಾನ ಗುಣವಿದೆ. ಇವುಗಳಲ್ಲಿ ಒಂದನ್ನಾದರೂ ಒಬ್ಬರೇ ಸುಲಭವಾಗಿ ಮಾಡಿ ಮುಗಿಸುವಂತಿಲ್ಲ. ನಕ್ಷತ್ರ ಕಟ್ಟುವಾಗ ಒಬ್ಬರು ಕಡ್ಡಿ ಹಿಡಿಯಬೇಕು, ಇನ್ನೊಬ್ಬರು ದಾರ ಸುತ್ತಬೇಕು, ಮೂರನೆಯವರು ಅಂಟು ಆರದಂತೆ ನೋಡಿಕೊಳ್ಳಬೇಕು. ಒಂದು ಸೇರು ಹಿಟ್ಟಿನ ಕಿಡಿಯೊ ಸುತ್ತಲು ಐದಾರು ಜನ ಸುತ್ತ ಕುಳಿತರೂ ಸಂಜೆ ಹೋಗಿ ರಾತ್ರಿಯಾಗುತ್ತದೆ. ಬಿದಿರು ಯಾರದೋ ಹಿತ್ತಿಲಿನದು, ಬೈಹುಲ್ಲು ಯಾರದೋ ಗದ್ದೆಯದು, ಅಚ್ಚು ಪಕ್ಕದ ಮನೆಯಿಂದ ಎರಡು ದಿನದ ಮಟ್ಟಿಗೆ ಎರವಲು ತಂದದ್ದು. ಹೀಗಾಗಿ ಕೈಯಾರೆ ಮಾಡುವ ಹಬ್ಬಕ್ಕೆ ನೆರೆಯವರು ಬೇಕೇ ಬೇಕು. ಕೊಳ್ಳುವ ಹಬ್ಬಕ್ಕೆ ಹಣವಿದ್ದರೆ ಸಾಕು. ನನ್ನ ಇಡೀ ವಾದ ಇಷ್ಟೇ.

ಹಬ್ಬದ ದಿನ ನೆರೆಯವರಿಗೆ ತಿಂಡಿಯ ತಟ್ಟೆ ಕಳುಹಿಸುವುದು ಒಳ್ಳೆಯ ಪದ್ಧತಿ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುವುದು ಅದಕ್ಕಿಂತಲೂ ಚೆಲುವಾದ ಪದ್ಧತಿ. ಆದರೆ ತಟ್ಟೆ ಹೊಸಿಲಿನವರೆಗೆ ಮಾತ್ರ ಬರುತ್ತದೆ. ಕೆಲಸವಾದರೋ ಮನುಷ್ಯರನ್ನು ಅಡುಗೆಮನೆಯವರೆಗೆ ಕರೆದೊಯ್ಯುತ್ತದೆ. ನೆರೆಮನೆಯ ಬಾಯಮ್ಮನ ಜತೆ ನೆಲದ ಮೇಲೆ ಕುಳಿತು ಹಿಟ್ಟಿನ ಉಂಡೆ ಮಾಡಿದ ಮಗು ಅವರ ಮನೆಯಲ್ಲಿ ಉಪ್ಪು ಎಲ್ಲಿದೆ, ದೇವರ ಪಟ ಎಲ್ಲಿದೆ, ಅಜ್ಜಿಗೆ ಯಾವ ಕಾಲು ನೋವು ಎಂಬುದನ್ನೆಲ್ಲ ಬಲ್ಲದು. ಆ ತಿಳಿವಳಿಕೆಯನ್ನು ಯಾವ ಸೌಹಾರ್ದ ಭಾಷಣವೂ ಕೊಡಲಾರದು. ನಮ್ಮ ಕಾಲೇಜಿನಲ್ಲಿಯೇ ನೋಡಿ: ಮೂರು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರು ಒಬ್ಬರ ಅಡುಗೆಮನೆಯನ್ನೊಬ್ಬರು ಕಂಡಿಲ್ಲ. ಪರಸ್ಪರರ ಮತದ ವಿಷಯದಲ್ಲಿ ಮೊಬೈಲಿನಲ್ಲಿ ಬಂದ ಮಾತನ್ನು ನಂಬುವಷ್ಟು ಸುಲಭವಾಗಿ ಕಣ್ಣಾರೆ ಕಂಡದ್ದನ್ನು ನಂಬಲು ನಮಗೆ ಅವಕಾಶವೇ ಇಲ್ಲವಾಗಿದೆ. ಇದು ಸಣ್ಣ ನಷ್ಟವೆಂದು ನನಗೆ ತೋರುವುದಿಲ್ಲ.

ಈಗ ಪೇಟೆಯಲ್ಲಿ ಮಡಿಸುವ ನಕ್ಷತ್ರ ಸಿಗುತ್ತದೆ. ಬಿಚ್ಚಿ ತೂಗುಹಾಕಿದರೆ ಹಬ್ಬ ಬಂತು. ಮಡಿಸಿ ಅಟ್ಟಕ್ಕೆ ಹಾಕಿದರೆ ಹಬ್ಬ ಹೋಯಿತು. ಕುಸ್ವಾರ್ ಬೇಕರಿಗಳಲ್ಲಿ ಪೆಟ್ಟಿಗೆಯಲ್ಲಿ ಸಿದ್ಧವಾಗಿದೆ. ಗೋದಲಿಯೂ ಗೊಂಬೆಗಳ ಸಮೇತ ದೊರೆಯುತ್ತದೆ. ಅವು ಅಂದವಾಗಿಲ್ಲವೆಂದು ನಾನು ಹೇಳಲಾರೆ. ನಮ್ಮ ಕೈ ಮಾಡಿದ್ದಕ್ಕಿಂತ ಎಷ್ಟೋ ಅಂದವಾಗಿವೆ. ಕೊರತೆ ಅಂದದಲ್ಲಿಲ್ಲ. ಬಿದಿರು ಕೇಳಲು ಹಿತ್ತಿಲಿಗೆ ಹೋಗುವ ಕಾರಣವೇ ತಪ್ಪಿಹೋಯಿತಲ್ಲ, ಕೊರತೆ ಅಲ್ಲಿದೆ.

ಇದೆಲ್ಲ ವಿದೇಶದಿಂದ ಬಂದ ಅಲಂಕಾರ, ಅದಕ್ಕೆ ನಮ್ಮ ಹಳ್ಳಿಯ ಕೈಕೆಲಸದ ಮಾತೇಕೆ ಎಂದು ಕೆಲವರು ಕೇಳಬಹುದು. ಅಂಥವರು ಅದರ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ 1223ರ ಕ್ರಿಸ್‌ಮಸ್ ರಾತ್ರಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿಯನ್ನು ಇರಿಸಿ, ಜೀವಂತ ಎತ್ತು ಕತ್ತೆಗಳನ್ನು ನಿಲ್ಲಿಸಿದರು. ಆ ಸೀಮೆಯ ಗೃಹಸ್ಥನೊಬ್ಬ ಅದನ್ನೆಲ್ಲ ಅಣಿಮಾಡಿದನೆಂದೂ, ಸುತ್ತಲಿನ ಜನ ದೀವಟಿಗೆ ಹಿಡಿದು ಬಂದರೆಂದೂ ಅವರ ಜೀವನಚರಿತ್ರೆ ಬರೆದ ಚೆಲಾನೊದ ಥಾಮಸ್ ತಿಳಿಸುತ್ತಾನೆ. ಗೋದಲಿಯ ಪದ್ಧತಿಗೆ ಇಂಬು ಕೊಟ್ಟ ಆ ರಾತ್ರಿಯಲ್ಲೇ ಊರ ಹುಲ್ಲು, ಊರ ದನ, ಊರ ಜನ ಎಲ್ಲವೂ ಇದ್ದವು. ನಮ್ಮ ಬೈಹುಲ್ಲಿನ ಗೋದಲಿ ಅದರ ನೇರ ವಾರಸು.

ನಕ್ಷತ್ರದ ಇನ್ನೊಂದು ಕಥೆ ನಮ್ಮಂಥ ವಿದ್ಯಾರ್ಥಿಗಳಿಗೆ ಸಂಬಂಧಪಟ್ಟದ್ದು. ಜರ್ಮನಿಯ ನೀಸ್ಕಿ ಎಂಬಲ್ಲಿ ಮೊರೇವಿಯನ್ ಪಂಥದವರ ಬಾಲಕರ ಶಾಲೆಯಿತ್ತು. 1830ರ ದಶಕದಲ್ಲಿ ಅಲ್ಲಿ ರೇಖಾಗಣಿತದ ಪಾಠಕ್ಕೆಂದು ಹುಡುಗರಿಂದ ಕಾಗದದ ಶಂಕುಗಳನ್ನು ಮಾಡಿಸಿ ಅನೇಕ ಮೂಲೆಗಳ ನಕ್ಷತ್ರವಾಗಿ ಜೋಡಿಸುತ್ತಿದ್ದರು. ಮೊರೇವಿಯನ್ ನಕ್ಷತ್ರವೆಂದು ಇಂದು ಹೆಸರಾಗಿರುವ ಅಲಂಕಾರ ಹುಟ್ಟಿದ್ದು ಹೀಗೆ, ಒಂದು ತರಗತಿಯ ಕೋಣೆಯಲ್ಲಿ. ಅದನ್ನು ಮಾರಾಟಕ್ಕೆಂದು ಮಾಡತೊಡಗಿದ್ದು ಸುಮಾರು 1880ರ ಹೊತ್ತಿಗೆ.

ಹಬ್ಬದ ಶುಭಾಶಯ ಪತ್ರದ ಕಥೆಯಂತೂ ಸ್ವಾರಸ್ಯವಾಗಿದೆ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಹಬ್ಬದ ಕಾಗದಗಳಿಗೆಲ್ಲ ಉತ್ತರ ಬರೆಯಲು ಪುರಸೊತ್ತಿರಲಿಲ್ಲ. ಆತ ಜಾನ್ ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಯಿಸಿ ಅಚ್ಚು ಹಾಕಿಸಿದ. ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಒಂದು ಷಿಲ್ಲಿಂಗಿಗೆ ಒಂದರಂತೆ ಮಾರಾಟಕ್ಕಿಟ್ಟರು. ಕಾಗದ ಬರೆಯುವ ಕೆಲಸ ತಪ್ಪಿಸಿಕೊಳ್ಳಲು ಹುಟ್ಟಿದ ವಸ್ತು ಮುಂದೆ ದೊಡ್ಡ ವ್ಯಾಪಾರವಾಯಿತು. ಇಂದು ನಾವು ಆ ಅಚ್ಚಿನ ಪತ್ರವನ್ನೂ ಬಿಟ್ಟು, ಯಾರೋ ಕಳುಹಿಸಿದ ಚಿತ್ರವನ್ನು ಬೆರಳಿನಿಂದ ಒತ್ತಿ ಇನ್ನೊಬ್ಬರಿಗೆ ದಾಟಿಸುತ್ತೇವೆ. ಕೋಲ್ ಮಹಾಶಯ ಕಡೆಯ ಪಕ್ಷ ತನ್ನ ಪತ್ರಕ್ಕೆ ಹೆಸರು ಬರೆಯುವ ತೊಂದರೆಯನ್ನಾದರೂ ತೆಗೆದುಕೊಂಡಿದ್ದ!

ಇನ್ನು ಆಕ್ಷೇಪಣೆಗಳಿಗೆ ಬರುತ್ತೇನೆ. ಸಮಯವೆಲ್ಲಿದೆ ಎಂಬುದು ಮೊದಲನೆಯದು. ಕಾಲೇಜು, ಬಸ್ಸು, ಪರೀಕ್ಷೆಯ ಓದು, ಕೆಲವರಿಗೆ ಸಂಜೆಯ ದುಡಿಮೆ, ಇವೆಲ್ಲ ನಿಜ. ಆದರೆ ಎಲ್ಲವನ್ನೂ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಒಂದು ಮನೆ ಒಂದು ನಕ್ಷತ್ರವನ್ನು ಕಟ್ಟಲಿ, ಕೇಕನ್ನು ಬೇಕರಿಯಿಂದ ತರಲಿ. ಇಲ್ಲವೆ ನಕ್ಷತ್ರವನ್ನು ತಂದು ಕಿಡಿಯೊ ಸುತ್ತಲಿ. ಒಂದು ಕೆಲಸವನ್ನಾದರೂ ನಾಲ್ಕು ಜನರನ್ನು ಕರೆದು ಮಾಡಿದರೆ ಸಾಕು.

ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು. ಅದನ್ನು ಎತ್ತುವವರು ಹೆಂಗಸರು. ಎತ್ತುವ ಹಕ್ಕು ಅವರಿಗಿದೆ. ‘ಕೈಯಿಂದ ಮಾಡಿದ ಹಬ್ಬ’ ಎಂದು ಹೊಗಳುವಾಗ ಯಾರ ಕೈ ಎಂದು ಕೇಳುವವರಿಲ್ಲ. ಹದಿನೈದು ದಿನ ಒಲೆಯ ಮುಂದೆ ನಿಂತು, ಹೊಗೆ ಕುಡಿದು, ಬೆನ್ನು ನೋಯಿಸಿಕೊಂಡು, ಹಬ್ಬದ ದಿನ ನಿದ್ದೆಗಣ್ಣಿನಲ್ಲಿ ಇಗರ್ಜಿಗೆ ಹೋದ ತಾಯಂದಿರಿಗೆ ಬೇಕರಿಯ ಪೆಟ್ಟಿಗೆ ಒಂದು ಬಿಡುಗಡೆಯಾಗಿ ಬಂದಿದ್ದರೆ ಆಶ್ಚರ್ಯವೇನು? ನಮ್ಮ ಮನೆಗಳಲ್ಲಿ ದೀಪಾವಳಿ, ಚೌತಿಗಳಲ್ಲಿಯೂ ಇದೇ ಕಥೆ. ಹಳೆಯ ಹಬ್ಬ ಚೆನ್ನಾಗಿತ್ತು ಎಂದು ನೆನೆದು ನಿಟ್ಟುಸಿರು ಬಿಡುವ ಗಂಡಸರಲ್ಲಿ ಹಿಟ್ಟು ನಾದಿದವರು ಕಡಮೆ. ಆ ನಿಟ್ಟುಸಿರಿಗೆ ನನ್ನ ಲೇಖನದಿಂದ ಬೆಂಬಲ ದೊರೆಯಬಾರದು. ಕೈಯಿಂದ ಮಾಡುವ ಹಬ್ಬ ಮತ್ತೆ ಬರಬೇಕಾದರೆ ಮನೆಯ ಎಲ್ಲರ ಕೈಗಳೂ ಸೇರಿ ಬರಬೇಕು. ಬಾಚಣಿಗೆಯ ಮೇಲೆ ಹಿಟ್ಟು ಒತ್ತುವುದಕ್ಕೆ ಹೆಣ್ಣಿನ ಬೆರಳೇ ಆಗಬೇಕೆಂಬ ನಿಯಮವಿಲ್ಲ. ಬಿದಿರು ಸೀಳುವುದಕ್ಕೆ ಗಂಡಿನ ಕೈಯೇ ಬೇಕೆಂಬ ನಿಯಮವೂ ಇಲ್ಲ. ತಮ್ಮಂದಿರು, ಅಣ್ಣಂದಿರು ಒಲೆಯ ಬಳಿ ಕುಳಿತುಕೊಳ್ಳಲು ಒಪ್ಪದ ಮನೆಯಲ್ಲಿ ತಾಯಿ ಪೆಟ್ಟಿಗೆಯ ಕುಸ್ವಾರನ್ನೇ ತರಿಸಲಿ; ನಾನು ಅವರ ಪಕ್ಷ.

ಮೂರನೆಯದಾಗಿ, ಕುಸ್ವಾರ್ ಮಾಡಿ ಮಾರಿ ಜೀವನ ಸಾಗಿಸುವವರ ಗತಿಯೇನು ಎಂದು ಕೇಳಬಹುದು. ಅನೇಕ ಮಹಿಳೆಯರಿಗೆ ಡಿಸೆಂಬರ್ ತಿಂಗಳ ಈ ಕೆಲಸ ಒಂದು ಆದಾಯದ ದಾರಿ. ಅವರಿಂದ ಧಾರಾಳವಾಗಿ ಕೊಳ್ಳಬೇಕು, ಬೆಲೆಯಲ್ಲಿ ಚೌಕಾಸಿ ಮಾಡದೆ ಕೊಳ್ಳಬೇಕು. ಊರಿನವರ ಕೈಕೆಲಸಕ್ಕೆ ಕೊಟ್ಟ ಹಣ ಊರಿನ ಸಂಬಂಧವನ್ನು ಕೆಡಿಸುವುದಿಲ್ಲ. ಅಂಗಡಿಯ ಮಿನುಗುವ ಸರಕೂ ಕೈಗಳಿಲ್ಲದೆ ಆದದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಲೌಷಾ ಎಂಬ ಊರಿನ ಗಾಜಿನ ಕಸುಬಿನ ಕುಟುಂಬಗಳು ಮನೆಯಲ್ಲೇ ಊದಿ ಮಾಡಿದ ಗಾಜಿನ ಗುಂಡುಗಳನ್ನು ಅಮೆರಿಕದ ವುಲ್ವರ್ತ್ ಅಂಗಡಿಗಳು 1880ರ ದಶಕದಲ್ಲಿ ರಾಶಿರಾಶಿಯಾಗಿ ಮಾರಿದವು. ಇಂದು ಜಗತ್ತಿನ ಕ್ರಿಸ್‌ಮಸ್ ಅಲಂಕಾರ ಸಾಮಗ್ರಿಯ ದೊಡ್ಡ ಪಾಲು ಚೀನಾದ ಯಿವು ನಗರದ ಮಾರುಕಟ್ಟೆಯ ಮೂಲಕ ಬರುತ್ತದೆ. ಅಲ್ಲಿಯೂ ಬೆವರು ಹರಿಸುವ ಮನುಷ್ಯರೇ ಇದ್ದಾರೆ. ಆದರೆ ಅವರ ಮುಖ ನಮಗೆ ಕಾಣದು, ನಮ್ಮ ಮುಖ ಅವರಿಗೆ ಕಾಣದು. ಹೆಸರು ತಿಳಿಯದವರ ದುಡಿಮೆಯನ್ನು ಅಗ್ಗವಾಗಿ ಕೊಂಡು, ಒಂದು ಹಬ್ಬಕ್ಕೆ ಬಳಸಿ ಎಸೆಯುವುದು ಸುಲಭ. ಎಸೆದ ಪ್ಲಾಸ್ಟಿಕ್ ಮಾತ್ರ ಊರ ತೋಡಿನಲ್ಲಿ ನಮಗಿಂತ ಹೆಚ್ಚು ಕಾಲ ಬಾಳುತ್ತದೆ. ಬಿದಿರು, ಕಾಗದಗಳ ನಕ್ಷತ್ರವಾದರೆ ಒಂದು ಮಳೆಗಾಲದಲ್ಲಿ ಮಣ್ಣಿಗೆ ಸೇರುತ್ತದೆ.

ಉಡುಗೊರೆಯ ವಿಷಯದಲ್ಲಿಯೂ ಒಂದು ಮಾತು. ವಿದ್ಯಾರ್ಥಿಗಳಾದ ನಮ್ಮ ಜೇಬು ಚಿಕ್ಕದು. ಡಿಸೆಂಬರ್ ಬಂತೆಂದರೆ ತರಗತಿಗಳಲ್ಲಿ ಚೀಟಿ ಎತ್ತಿ ಒಬ್ಬರಿಗೊಬ್ಬರು ಗುಟ್ಟಾಗಿ ಉಡುಗೊರೆ ಕೊಡುವ ಆಟ ಈಚೆಗೆ ರೂಢಿಯಾಗಿದೆ. ಆಟವೇನೋ ಚೆನ್ನ. ಆದರೆ ಇಂತಿಷ್ಟು ರೂಪಾಯಿಗೆ ಕಡಮೆಯಾಗಬಾರದೆಂದು ಕಟ್ಟಳೆ ಹಾಕಿದ ಕ್ಷಣದಲ್ಲೇ ಬಡ ಸಹಪಾಠಿಗೆ ಅದು ಆಟವಾಗಿ ಉಳಿಯುವುದಿಲ್ಲ. ಕಟ್ಟಳೆಯನ್ನು ತಿರುಗಿಸಿ ಹಾಕಿದರೆ ಹೇಗೆ? ಕೊಂಡು ತಂದದ್ದು ಕೂಡದು, ಮಾಡಿದ್ದೇ ಆಗಬೇಕು ಎಂದು ನಿಯಮ ಮಾಡೋಣ. ಕಳೆದ ವರ್ಷದ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಹೊಲಿದು ರಟ್ಟು ಹಾಕಿದ ಒಂದು ಪುಸ್ತಕ. ಹಳೆಯ ಸೀರೆಯ ಅಂಚಿನಿಂದ ಹೊಲಿದ ಚೀಲ. ತೆಂಗಿನ ಗೆರಟೆಯಲ್ಲಿ ನೆಟ್ಟ ತುಳಸಿಯ ಅಥವಾ ದೊಡ್ಡಪತ್ರೆಯ ಸಸಿ. ಗೆಳತಿ ತಪ್ಪಿಸಿಕೊಂಡ ಪಾಠಗಳನ್ನು ಅಂದವಾಗಿ ಬರೆದುಕೊಟ್ಟ ಟಿಪ್ಪಣಿ. ಇವುಗಳಿಗೆ ಖರ್ಚು ಕಡಮೆ, ಯೋಚನೆ ಹೆಚ್ಚು. ಪಡೆಯುವವರು ಯಾರು, ಅವರಿಗೆ ಏನು ಬೇಕು ಎಂದು ಮೂರು ಸಂಜೆ ಯೋಚಿಸದೆ ಇವನ್ನು ಮಾಡಲಾಗದು. ಆ ಮೂರು ಸಂಜೆಗಳನ್ನೇ ನಾವು ನಿಜವಾಗಿ ಅವರಿಗೆ ಕೊಡುತ್ತೇವೆ.

ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಈ ವಿಷಯ ವಿಶೇಷವಾಗಿ ಅನ್ವಯಿಸುತ್ತದೆ. 1937ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ಕೂಡಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಗಸುಬಿನ ಮೂಲಕವೇ ವಿದ್ಯಾಭ್ಯಾಸ ನಡೆಯಬೇಕೆಂಬ ವಿಚಾರವನ್ನು ಮುಂದಿಟ್ಟರು. ನಾವು ಪರೀಕ್ಷೆಯಲ್ಲಿ ಅದರ ಮೇಲೆ ಐದು ಅಂಕದ ಟಿಪ್ಪಣಿ ಬರೆಯುತ್ತೇವೆ. ಟಿಪ್ಪಣಿ ಬರೆಯುವ ಬೆರಳು ಒಂದು ಗಂಟನ್ನು ಬಿಗಿಯಾಗಿ ಹಾಕಲಾರದು! ನಮ್ಮ ವಿದ್ಯೆ ನಾಲಿಗೆಯ ಮತ್ತು ಲೇಖನಿಯ ವಿದ್ಯೆಯಾಗಿ ನಿಂತಿದೆ. ಸಮಾಜಶಾಸ್ತ್ರದ ತರಗತಿಯಲ್ಲಿ ಸಮುದಾಯ ಎಂಬ ಪದಕ್ಕೆ ವ್ಯಾಖ್ಯೆ ಬಾಯಿಪಾಠ ಮಾಡುವವರು ಆ ಪದದ ಅರ್ಥವನ್ನು ಕೈಯಲ್ಲಿ ಹಿಡಿದು ನೋಡುವ ಒಂದು ಅವಕಾಶವನ್ನೇಕೆ ಬಿಡಬೇಕು?

ಆದ್ದರಿಂದ ನನ್ನದೊಂದು ಸಲಹೆಯಿದೆ. ಬರುವ ವರ್ಷ ದೀಪಾವಳಿಗೆ ಮೊದಲು ಒಂದು ಶನಿವಾರ ಮಧ್ಯಾಹ್ನ, ಕ್ರಿಸ್‌ಮಸ್ಸಿಗೆ ಮೊದಲು ಇನ್ನೊಂದು ಶನಿವಾರ ಮಧ್ಯಾಹ್ನ, ನಮ್ಮ ಕಾಲೇಜಿನ ಸಭಾಂಗಣವನ್ನು ಇದಕ್ಕಾಗಿ ಕೊಡುವಂತೆ ಪ್ರಾಂಶುಪಾಲರಲ್ಲಿ ವಿನಂತಿಸೋಣ. ಗೂಡುದೀಪ ಕಟ್ಟಬಲ್ಲವರು ಕಟ್ಟಲಾರದವರಿಗೆ ಕಲಿಸಲಿ. ನಕ್ಷತ್ರ ಬಲ್ಲವರು ನಕ್ಷತ್ರವನ್ನು ಕಲಿಸಲಿ. ರಂಜಾನಿನ ಹೊತ್ತಿಗೆ ಮುಸಲ್ಮಾನ ಗೆಳೆಯ ಗೆಳತಿಯರು ತಮ್ಮ ಮನೆಯ ಒಂದು ಕೈಕೆಲಸವನ್ನೋ ತಿಂಡಿಯನ್ನೋ ತೋರಿಸಿಕೊಡಲಿ. ಇದರಲ್ಲಿ ಸ್ಪರ್ಧೆ ಬೇಡ, ಬಹುಮಾನ ಬೇಡ, ಪ್ರಶಸ್ತಿಪತ್ರವಂತೂ ಬೇಡವೇ ಬೇಡ. ಬಹುಮಾನವಿಟ್ಟ ಕೂಡಲೇ ಪಕ್ಕದವನು ಕಡ್ಡಿ ಹಿಡಿಯುವುದನ್ನು ಬಿಟ್ಟು ತನ್ನದೇ ನಕ್ಷತ್ರಕ್ಕೆ ಹೊರಡುತ್ತಾನೆ. ಅಧ್ಯಾಪಕ ವರ್ಗದವರೂ ಭಾಷಣಕ್ಕೆ ಬರುವ ಬದಲು ಅಂಟು ಕಲಸಲು ಬರಬೇಕೆಂದು ಗೌರವಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಖರ್ಚು ಎಷ್ಟಾದೀತು ಎಂದು ವಿದ್ಯಾರ್ಥಿ ಸಂಘದ ಕೋಶಾಧಿಕಾರಿಗಳು ಕೇಳಬಹುದು. ಕಾಗದ, ದಾರ, ಒಂದು ಕಿಲೋ ಮೈದಾ, ಇಷ್ಟೇ. ಬಿದಿರನ್ನು ಕೊಳ್ಳಬಾರದು, ಯಾರ ಹಿತ್ತಿಲಿನಲ್ಲಿದೆ ಎಂದು ವಿಚಾರಿಸಿಕೊಂಡು, ಅವರ ಮನೆಗೆ ಹೋಗಿ, ಕೇಳಿ ತರಬೇಕು.

— ತೃತೀಯ ಬಿ. ಎ. ವಿದ್ಯಾರ್ಥಿನಿ